ಹದಿನಾರು ಅಂಕಣದ ಖೋಲಿ

ಮಿದುಳಿನ ಕೆಟ್ಟುಹೋದ ಭಾಗದ ಕೆಲಸವನ್ನು ಯಂತ್ರವೊಂದು ದೂರದಲ್ಲಿ ಕುಳಿತು ಮಾಡಿಕೊಡುತ್ತದೆ ಎಂದು ನಲವತ್ತು ವರ್ಷದ ಹಿಂದೆ ಯಾರಾದರೂ ಕೆಂಪಗೇರಿಯ ಮೆಣಸಿನಕಾಯಿ ಪೇಟೆಯಲ್ಲಿ ಹೇಳಿದ್ದರೆ, ಪಾಪ, ಘಾಟು ನೆತ್ತಿಗೇರಿದೆ ಎಂದು ನೀರು ಕುಡಿಸಿ ಕಳಿಸುತ್ತಿದ್ದರು. ಈಗ ಅದೇ ಪೇಟೆಯ ಮೂವತ್ತೊಂದು ಹೆಂಗಸರು ಆ ಯಂತ್ರದ ದಯೆಯಿಂದ ಎದ್ದು ಓಡಾಡುತ್ತಿದ್ದಾರೆ. ವಿದ್ಯಾಶ್ರೀ ಆ ಯಂತ್ರ ನೋಡಿಕೊಳ್ಳುವವಳು. ಮೂವತ್ತೊಂದು ಮಂದಿಯಲ್ಲಿ ಒಬ್ಬಳು ಅವಳ ಅತ್ತೆ ನೀಲವ್ವ.

ಆದದ್ದು ಇಷ್ಟು. ಆರು ವರ್ಷದ ಹಿಂದೆ ಪೇಟೆಯ ಅಂಚಿನ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಅಮೋನಿಯಾ ಪೈಪು ಒಡೆಯಿತು. ಮುಂದಿನ ಶೆಡ್ಡಿನಲ್ಲಿ ಕುಳಿತು ಒಣಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದ ಹೆಂಗಸರು ಬಾಗಿಲಿಗೆ ಓಡಿದರು. ಬಾಗಿಲು ತೆರೆಯಲಿಲ್ಲ. ಹೊರಗಿನವರು ಅದನ್ನು ಮುರಿಯುವಷ್ಟರಲ್ಲಿ ಮೇಸ್ತ್ರಿಯೂ ಹತ್ತು ಹೆಂಗಸರೂ ಸತ್ತಿದ್ದರು. ಉಳಿದವರಿಗೆ ಜೀವ ಉಳಿಯಿತು, ಆದರೆ ಉಸಿರಿಲ್ಲದೆ ಬಿದ್ದಿದ್ದ ಆ ಹೊತ್ತಿನಲ್ಲಿ ಮಿದುಳಿನ ಒಂದೊಂದು ಭಾಗ ಸತ್ತಿತ್ತು. ಒಬ್ಬಳಿಗೆ ಮಾತು ಹೋಗಿತ್ತು, ಇನ್ನೊಬ್ಬಳಿಗೆ ತುತ್ತು ನುಂಗುವುದೇ ಮರೆತಿತ್ತು, ನೀಲವ್ವನಿಗೆ ಹೆತ್ತ ಮಗ ಗುಡ್ಡಪ್ಪನ ಗುರುತು ಇರಲಿಲ್ಲ. ಬಾಗಿಲಿಗೆ ಕೀಲಿ ಹಾಕಿದವರು ಯಾರು ಎಂಬುದು ಅಂದಿನಿಂದ ಊರಿನ ಪ್ರಶ್ನೆಯಾಯಿತು, ಹೆಂಗಸರ ಪರಿಹಾರದ ಕೇಸೂ ಅದರ ಮೇಲೆಯೇ ನಿಂತಿತು. ಮಾಲೀಕರು ಕೀಲಿಯೇ ಹಾಕಿರಲಿಲ್ಲ ಎಂದರು. ಹೆಂಗಸರು ಹಾಕಿತ್ತು ಎಂದರು, ಹಾಕಿದವರನ್ನು ಕಂಡವರು ಮಾತ್ರ ಅವರಲ್ಲಿ ಯಾರೂ ಉಳಿದಿರಲಿಲ್ಲ.

ಸರ್ಕಾರ ತಾಲ್ಲೂಕು ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ ಯಂತ್ರ ತಂದು ಕೂಡಿಸಿತು. ಹೆಂಗಸರ ತಲೆಯೊಳಗೆ ಸಣ್ಣ ತಂತಿಯ ಜಾಲರಿ, ಕಿವಿಯ ಹಿಂದೆ ಒಂದು ಗುಂಡಿ. ಮಿದುಳಿನ ಪ್ರಶ್ನೆ ಅಲ್ಲಿಂದ ಆಸ್ಪತ್ರೆಗೆ ಹೋಗಿ ಉತ್ತರವಾಗಿ ಮರಳುತ್ತದೆ. ಯಂತ್ರ ಊರಲ್ಲೇ ಇರಬೇಕು. ಬೆಂಗಳೂರಿನಿಂದ ಉತ್ತರ ಬರುವುದೆಂದರೆ ಕಣ್ಣೆವೆಯಷ್ಟು ತಡ, ಅಷ್ಟರಲ್ಲಿ ತುತ್ತು ಗಂಟಲಲ್ಲಿ ಸಿಕ್ಕಿಕೊಂಡಿರುತ್ತದೆ.

ಯಂತ್ರ ಒಂದೇ. ಅದರೊಳಗೆ ಒಬ್ಬೊಬ್ಬಳಿಗೂ ಒಂದೊಂದು ವರ್ಚುವಲ್ ಮಷೀನ್. ಇಷ್ಟುದ್ದದ ಹೆಸರನ್ನು ಕೆಂಪಗೇರಿಯಲ್ಲಿ ಯಾರು ಹೇಳುತ್ತಾರೆ? ಸಾಲುಮನೆಯ ಹಾಗೆಂದು ದೊಡ್ಡ ಯಂತ್ರವನ್ನು ಚಾಳ ಎಂದರು, ಒಳಗಿನ ಕೋಣೆಗಳನ್ನು ಖೋಲಿ ಎಂದರು, ಮನೆ ಅಳೆಯುವ ಹಾಗೆ ಜಾಗವನ್ನು ಅಂಕಣದಲ್ಲಿ ಅಳೆದರು. ಈ ಚಾಳದ ಒಳಗೋಡೆಗಳು ರಬ್ಬರಿನವು. ಪರದೆಯ ಮೇಲೆ ಒಂದು ಅಂಕಿ ಬದಲಿಸಿದರೆ, ಖೋಲಿಯವಳು ರೊಟ್ಟಿ ಬಡಿಯುತ್ತಿದ್ದ ಹಾಗೆಯೇ ಅವಳ ಖೋಲಿ ಹಿಗ್ಗುತ್ತದೆ, ಕುಗ್ಗುತ್ತದೆ. ಹೊರಗೋಡೆ ಮಾತ್ರ ಕಲ್ಲಿನದು. ಒಟ್ಟು ಇನ್ನೂರು ಅಂಕಣ, ಅದರ ಮೇಲೆ ಒಂದು ಗೇಣೂ ಇಲ್ಲ.

ಒಬ್ಬೊಬ್ಬಳಿಗೆ ಎಂಟು ಅಂಕಣದಂತೆ ಇಪ್ಪತ್ತೈದು ಮಂದಿಗೆಂದು ತಂದ ಯಂತ್ರ ಅದು. ಆರು ಮಂದಿಯ ತೊಂದರೆ ತಡವಾಗಿ ಕಾಣಿಸಿಕೊಂಡಿತು. ಅವರನ್ನು ಹೊರಗೆ ನಿಲ್ಲಿಸುವುದು ಹೇಗೆ? ಆ ಹೆಂಗಸರಲ್ಲಿ ಕೈಪಾಲು ಎಂಬ ಪದ್ಧತಿ ಇತ್ತು. ಬಸುರಿಯೋ, ಜ್ವರದವಳೋ ಸಂಜೆಯ ತೂಕಕ್ಕೆ ಕಡಿಮೆ ಬಿದ್ದರೆ ಉಳಿದವರು ಮೇಸ್ತ್ರಿಯ ಕಣ್ಣು ತಪ್ಪಿಸಿ ತಮ್ಮ ರಾಶಿಯಿಂದ ಒಂದೊಂದು ಬೊಗಸೆ ಕಾಯಿಯನ್ನು ಅವಳ ರಾಶಿಗೆ ಎಸೆಯುತ್ತಿದ್ದರು. ಗುಂಪಿನ ಮುಂದಾಳು ಹಸೀನಾಬಿ ಬಂದು ವಿದ್ಯಾಶ್ರೀಗೆ ಅದನ್ನೇ ಹೇಳಿದ್ದಳು.

"ಎಲ್ಲಾರೂ ಒಂದ ಹೊತ್ತಿಗೆ ವಿಚಾರ ಮಾಡ್ತಾರೇನವಾ? ಒಬ್ಬಾಕಿ ಮಲಗಿದಾಗ ಇನ್ನೊಬ್ಬಾಕಿಗೆ ಜಾಗ ಕೊಡು. ನಾವು ಹೆಬ್ಬೆಟ್ಟ ಒತ್ತತೀವಿ."

ಮಾತು ಖರೆಯೇ. ಖೋಲಿಯಲ್ಲಿ ಒಂದಿಷ್ಟು ಜಾಗ ಸಾಮಾನು ಇಡುವುದಕ್ಕೆ, ಒಂದಿಷ್ಟು ಓಡಾಡುವುದಕ್ಕೆ. ಸುಮ್ಮನಿದ್ದಾಗ ಓಡಾಡುವ ಜಾಗ ಬರಿದೇ ಬಿದ್ದಿರುತ್ತದೆ. ವಿದ್ಯಾಶ್ರೀ ಆ ಖಾಲಿ ಜಾಗಗಳನ್ನು ಕೂಡಿಸಿ ಇನ್ನೂರು ಅಂಕಣದಲ್ಲಿ ಇನ್ನೂರ ನಲವತ್ತೆಂಟರ ಸಂಸಾರ ನಡೆಸಿದಳು. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ. ಒಂದೇ ಹಾಸಿಗೆಯಲ್ಲಿ ಸರದಿಯ ಮೇಲೆ ಕಾಲು ಚಾಚುವುದನ್ನು ಅವಳಿಂದ ಕಲಿಯಬೇಕು. ಎರಡನೆಯ ಯಂತ್ರದ ಕಡತ ಬೆಂಗಳೂರಿನಲ್ಲಿ ಮೇಜಿನಿಂದ ಮೇಜಿಗೆ ಹೋಗುತ್ತಿತ್ತು. ಸರ್ಕಾರದ ಕೆಲಸ ದೇವರ ಕೆಲಸ, ದೇವರಿಗೆ ಅವಸರವಿಲ್ಲ.

ಊರೂ ಹೊಂದಿಕೊಂಡಿತು. ಈ ಹೆಂಗಸರು ಸಂತೆಯಲ್ಲಿ ಮಾತಿನ ನಡುವೆ ನಿಂತುಬಿಟ್ಟರೆ ಅಂಗಡಿಯವನು, "ಖೋಲಿ ಸಣ್ಣದಾಗೈತಿ, ತಡೀರಿ," ಎಂದು ಕಾಯುತ್ತಿದ್ದ.

ಈ ಬೇಸಿಗೆಯಲ್ಲಿ ನೀಲವ್ವ ತಪ್ಪತೊಡಗಿದಳು. ಒಂದು ದಿನ ಒಲೆಯ ಮುಂದೆ ಹಿಟ್ಟಿನ ಉಂಡೆ ಹಿಡಿದು ಕುಳಿತವಳು ಕುಳಿತೇ ಇದ್ದಳು.

"ಅತ್ತಿ, ಯಾಕ ಕುಂತ್ರಿ?"

"ಇದನ್ನ ಏನ ಮಾಡೂದವಾ?" ಎಂದಳು ನೀಲವ್ವ, ಉಂಡೆಯನ್ನು ಸೊಸೆಗೆ ತೋರಿಸಿ. ನಲವತ್ತು ವರ್ಷ ರೊಟ್ಟಿ ಬಡಿದ ಕೈ ಅದು. ವಿದ್ಯಾಶ್ರೀ ಅಂದೇ ಅತ್ತೆಯನ್ನು ಆಸ್ಪತ್ರೆಗೆ ಕರೆದೊಯ್ದಳು.

ಡಾಕ್ಟರ್ ಇನಾಮದಾರ್ ತಲೆಯ ಚಿತ್ರ ತೆಗೆಸಿ ನೋಡಿದರು. ಸತ್ತ ಭಾಗ ಬೆಳೆದಿತ್ತು. ಹೊರೆಯೆಲ್ಲ ಖೋಲಿಯ ಮೇಲೆ ಬಿದ್ದಿತ್ತು.

"ಎಂಟು ಅಂಕಣ ಸಾಲೂದಿಲ್ಲ. ಹದಿನಾರು ಬೇಕು," ಎಂದರು. "ಆದ್ರ ವಿದ್ಯಾಶ್ರೀ, ಒಂದ ಮಾತು ನೆನಪಿರಲಿ. ಚಾಳ ಪೂರ್ತಿ ತುಂಬಿದ್ರ ಯಂತ್ರ ಏನ ಮಾಡ್ತೈತಿ ಗೊತ್ತೈತಲ್ಲ?"

ಗೊತ್ತಿತ್ತು. ಕಲ್ಲಿನ ಗೋಡೆ ಒಡೆಯುವ ಹಂತ ಬಂದರೆ ಯಂತ್ರ ತಾನಾಗಿಯೇ ಒಂದು ಖೋಲಿಯನ್ನು ಮುಚ್ಚುತ್ತದೆ, ಎಲ್ಲಕ್ಕಿಂತ ದೊಡ್ಡದನ್ನು. ಒಬ್ಬಳನ್ನು ಕಳೆದು ಮೂವತ್ತು ಮಂದಿಯನ್ನು ಉಳಿಸುವ ಲೆಕ್ಕ. ಮುಚ್ಚಿದ ಖೋಲಿಯನ್ನು ಮತ್ತೆ ತೆರೆಯಬಹುದು, ಆದರೆ ಒಳಗಿದ್ದವಳು ಇರುವುದಿಲ್ಲ.

ಬೇಲಿಯೇ ಎದ್ದು ಹೊಲ ಮೇಯ್ದಂತಾಗುತ್ತದೆಯೋ ಎಂಬ ಅಂಜಿಕೆಯಿಂದ ವಿದ್ಯಾಶ್ರೀ ಹೆಂಗಸರ ಮುಂದೆಯೇ ವಿಷಯ ಇಟ್ಟಳು. ಮೂವತ್ತು ಹೆಬ್ಬೆಟ್ಟೂ ಬಿದ್ದವು. ಫಕ್ಕೀರವ್ವ ಎಂಬವಳಿಗೆ ಆಗಲೇ ನುಂಗಲು ಕಷ್ಟವಾಗುತ್ತಿತ್ತು, ಅವಳೂ ಒತ್ತಿದಳು. ಅಂದು ಮಧ್ಯಾಹ್ನ ವಿದ್ಯಾಶ್ರೀ ಎಂಟನ್ನು ಅಳಿಸಿ ಹದಿನಾರು ಬರೆದಳು.

ಆಮೇಲಿನ ಒಂದು ತಿಂಗಳು ಆ ಮನೆಯಲ್ಲಿ ಹಬ್ಬ. ಜಾಗ ಸಿಕ್ಕ ಮಿದುಳು ತನ್ನ ಬದುಕಿದ ಮೂಲೆಗಳಲ್ಲಿ ಬಿದ್ದಿದ್ದ ತುಂಡುಗಳನ್ನು ಹುಡುಕಿ ತಂದು ಜೋಡಿಸತೊಡಗಿತು. ಗುಡ್ಡಪ್ಪ ತೊಟ್ಟಿಲಲ್ಲಿ ಎಷ್ಟು ಅಳುತ್ತಿದ್ದ, ಗಂಡ ಮೊದಲ ಸಲ ತಂದ ಸೀರೆಯ ಅಂಚು ಯಾವ ಬಣ್ಣದ್ದು, ಎಲ್ಲ ಬಂತು. ತೂಕದ ಕಟ್ಟೆಯಲ್ಲಿ ಕೆಲಸ ಮಾಡುವ ಗುಡ್ಡಪ್ಪ ಸಂಜೆ ಬೇಗ ಬಂದು ಅವ್ವನ ಮುಂದೆ ಕೂರುತ್ತಿದ್ದ. ವಿದ್ಯಾಶ್ರೀ ಬಾಗಿಲಲ್ಲಿ ನಿಂತು ನೋಡಿ, ನಾನು ಒಂದಾದರೂ ಒಳ್ಳೆಯ ಕೆಲಸ ಮಾಡಿದೆ ಎಂದುಕೊಂಡಳು.

ಆಗ ಆ ಕೇಸಿಗೆಂದು ಸರ್ಕಾರ ನೇಮಿಸಿದ್ದ ವಿಚಾರಣಾ ಆಯೋಗದ ಕಾಗದ ಬಂತು. ಮಂಗಳವಾರ ತಾಲ್ಲೂಕು ಸಭಾಭವನದಲ್ಲಿ ಮೂವತ್ತೊಂದು ಮಂದಿಯ ಹೇಳಿಕೆ, ಒಂದೇ ದಿನ. ವಿದ್ಯಾಶ್ರೀ ಆಯೋಗದ ಕಚೇರಿಗೆ ಫೋನು ಹಚ್ಚಿದಳು.

"ಸರ್, ದಿನಕ್ಕ ಹತ್ತ ಮಂದೀನ ಕರೀರಿ. ಎಲ್ಲಾರೂ ಒಮ್ಮೆಲೆ ಆ ದಿನಾ ನೆನಸಿಕೊಂಡ್ರ ಯಂತ್ರ ತಡಿಯೂದಿಲ್ಲ."

"ಜಡ್ಜ್ ಸಾಹೇಬ್ರು ಒಂದೇ ದಿನ ಬರೋದು ಮೇಡಂ."

"ಜೀವದ ಪ್ರಶ್ನೆ ಐತ್ರಿ ಸರ್."

"ಅರ್ಥ ಆಗುತ್ತೆ. ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ ಮೇಡಂ," ಎಂದು ಆ ಗುಮಾಸ್ತ ಬಹಳ ಮರ್ಯಾದೆಯಿಂದ ಫೋನು ಇಟ್ಟ.

ಯಂತ್ರ ಮಾಡಿದ ಕಂಪನಿಗೆ ಫೋನು ಮಾಡಿದಳು. ಮೆಮೊರಿ ಕೂರಿಸುವ ಗೂಡುಗಳೆಲ್ಲ ತುಂಬಿವೆ, ಈ ಮಾದರಿಯನ್ನು ಈಗ ಮಾಡುತ್ತಿಲ್ಲ ಎಂದರು. ನೀಲವ್ವನನ್ನು ಮನೆಯಲ್ಲೇ ಬಿಡೋಣವೆಂದು ಡಾಕ್ಟರ ಚೀಟಿ ಬರೆಸಿದಳು. ನೀಲವ್ವ ಒಪ್ಪಲಿಲ್ಲ. "ಸತ್ತವರ ಸಲುವಾಗಿ ಎಲ್ಲಾರೂ ಬರಾಕ ಹತ್ತ್ಯಾರ. ನಾ ಮನ್ಯಾಗ ಕುಂಡ್ರಲೇನು?" ಎಂದಳು. ಮನೆಯಲ್ಲಿ ಕುಳಿತರೂ ನೆನಸಿಕೊಳ್ಳುವುದು ತಪ್ಪುತ್ತದೆಯೇ? ಅತ್ತ ದರಿ, ಇತ್ತ ಪುಲಿ.

ಮಂಗಳವಾರ ಹನ್ನೊಂದಕ್ಕೆ ಸಭಾಭವನ ತುಂಬಿತು. ಎದುರಿಗೆ ನಿವೃತ್ತ ನ್ಯಾಯಾಧೀಶರು, ಪಕ್ಕದಲ್ಲಿ ಮಾಲೀಕರ ವಕೀಲ, ಮೂರು ಸಾಲು ಕುರ್ಚಿಗಳಲ್ಲಿ ಹೆಂಗಸರು. ವಿದ್ಯಾಶ್ರೀ ಟ್ಯಾಬ್ ಹಿಡಿದು ಗೋಡೆಗೆ ನಿಂತಿದ್ದಳು. ಪರದೆಯ ಮೇಲೆ ತುಂಬಿದ ಅಂಕಣ ನೂರಾ ನಲವತ್ತು. ನ್ಯಾಯಾಧೀಶರು ಘಟನೆಯ ವರದಿಯನ್ನು ಗಟ್ಟಿಯಾಗಿ ಓದತೊಡಗಿದರು. ಬೆಳಿಗ್ಗೆ ಹತ್ತೂವರೆ, ಶೆಡ್ಡು, ಪೈಪಿನ ಸದ್ದು, ಉರಿಯುವ ಕಣ್ಣು. ಒಂದೊಂದು ಸಾಲಿಗೂ ಮೂವತ್ತೊಂದು ತಲೆಗಳು ಒಟ್ಟಿಗೆ ಅಲ್ಲಿಗೆ ಹೋದವು. ನೂರಾ ಅರವತ್ತು, ನೂರಾ ಎಂಬತ್ತು. ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮತೊಡಗಿದರು, ಆರು ವರ್ಷ ಹಳೆಯ ಕೆಮ್ಮು.

ಹಿರಿಯಳೆಂದು ನೀಲವ್ವನನ್ನು ಮೊದಲು ಕರೆದರು.

"ಬಾಗಿಲಿನ ಬಗ್ಗೆ ನಿಮಗೆ ಏನು ಗೊತ್ತಮ್ಮ?"

"ಬಾಗಲಾ..." ಎಂದಳು ನೀಲವ್ವ, ಅಲ್ಲಿಗೇ ನಿಂತಳು. ಬಾಯಿ ತೆರೆದೇ ಇತ್ತು. ಪರದೆಯ ಮೇಲೆ ನೂರಾ ತೊಂಬತ್ತಾರು.

ವಿದ್ಯಾಶ್ರೀ ಮುಂದೆ ಬಂದಳು. "ಸಾಹೇಬ್ರ, ಹತ್ತ ನಿಮಿಷ ನಿಲ್ಲಸ್ರಿ. ಯಂತ್ರ ತುಂಬೈತಿ. ಇನ್ನೊಂದೀಟು ಆದ್ರ ಅತ್ತೀ ಖೋಲಿ ಮುಚ್ಚತೈತಿ."

"ಸಾಕ್ಷಿ ಹೇಳುವ ಹೊತ್ತಿಗೆ ಸೊಸೆಯವರು ತಡೆಯುತ್ತಿದ್ದಾರೆ, ಬರೆದುಕೊಳ್ಳಿ," ಎಂದ ವಕೀಲ.

ನ್ಯಾಯಾಧೀಶರು ಕನ್ನಡಕ ತೆಗೆದು ಒರೆಸಿದರು. ಅವರಿಗೆ ಯಂತ್ರ ತುಂಬುವುದೆಂದರೆ ಏನೆಂದು ತಿಳಿದಿರಲಿಲ್ಲ, ಕೇಳಿ ತಿಳಿಯುವಷ್ಟು ಹೊತ್ತೂ ಇರಲಿಲ್ಲ. ನೂರಾ ತೊಂಬತ್ತೆಂಟು. ನೀಲವ್ವನದನ್ನು ಕುಗ್ಗಿಸಲೇ? ಮಾತಾಡುತ್ತಿದ್ದವಳ ಬಾಯಿಂದಲೇ ಕಿತ್ತುಕೊಂಡಂತೆ. ಬೇರೆಯವರದನ್ನು ಕುಗ್ಗಿಸಲೇ? ಯಾರದನ್ನು? ವಿದ್ಯಾಶ್ರೀಯ ಬೆರಳು ಪರದೆಯ ಮೇಲೆ ಹೆಸರಿನಿಂದ ಹೆಸರಿಗೆ ಹೋಯಿತು, ಯಾವುದರ ಮೇಲೂ ಇಳಿಯಲಿಲ್ಲ.

ಆಗ ಮುಂದಿನ ಸಾಲಿನಿಂದ ಹಸೀನಾಬಿಯ ತಗ್ಗಿದ ದನಿ ಕೇಳಿತು. "ಏನೂ ನೆನಸಬ್ಯಾಡ್ರೆ. ಎಲ್ಲಾರೂ ತೊಟ್ಟ ಬಿಡಸ್ರಿ. ನೀಲಕ್ಕಗ ಕೈಪಾಲ ಕೊಡ್ರಿ."

ಮೂವತ್ತು ಮಂದಿ ತಲೆ ತಗ್ಗಿಸಿ, ಬರಿದಾದ ಮಡಿಲಲ್ಲಿ ಇಲ್ಲದ ಕಾಯಿ ಹಿಡಿದು ಇಲ್ಲದ ತೊಟ್ಟು ಮುರಿಯತೊಡಗಿದರು. ಮನಸ್ಸು ಬೇಡದ ಕೆಲಸ ಅದು, ಬೆರಳಿಗೇ ಗೊತ್ತು. ಹಸೀನಾಬಿಯ ಸ್ವಂತ ತಂಗಿ ಆ ಶೆಡ್ಡಿನಲ್ಲಿ ಸತ್ತಿದ್ದಳು, ಅವಳನ್ನೂ ನೆನೆಯದೆ ಹಸೀನಾಬಿ ತೊಟ್ಟು ಮುರಿದಳು. ಪರದೆಯ ಅಂಕಿ ಇಳಿಯಿತು. ನೂರಾ ತೊಂಬತ್ತು, ನೂರಾ ಎಪ್ಪತ್ತು, ನೂರಾ ಐವತ್ತು. ವಿದ್ಯಾಶ್ರೀಗೆ ಅಳು ಬಂತು. ಉಳಿದ ಸಾಕ್ಷಿಗಳು ವಿಚಾರಣೆಗೆ ಗಮನ ಕೊಡಲಿಲ್ಲ ಎಂದು ಗುಮಾಸ್ತ ಬರೆದುಕೊಂಡ.

ನೀಲವ್ವನ ಬಾಯಿ ಮತ್ತೆ ಆಡಿತು. ಇಷ್ಟು ವರ್ಷ ಸಿಗದ ಜಾಗ ಒಮ್ಮೆಲೇ ಸಿಕ್ಕಿತ್ತು, ಮಾತು ತಡೆಯಿಲ್ಲದೆ ಬಂತು.

"ಬಾಗಲಕ್ಕ ಕೀಲಿ ಹಾಕಿತ್ರಿ. ಅವತ್ತ ಮಂದಿ ಚಾ ಕುಡಿಯಾಕ ಭಾಳ ಎದ್ದೆದ್ದ ಹೋಗಾಕ ಹತ್ತಿದ್ರು. ಮೇಸ್ತ್ರಿ ಚನ್ನಬಸು ನನ್ನ ಕರದು, ಊಟದ ತನಕ ಒಳಗಿಂದ ಕೀಲಿ ಹಾಕಬೇ, ನೀ ಹಿರ್ಯಾಕಿ, ನಿನ್ನ ಮ್ಯಾಲೆ ಸಂಶೇ ಬರೂದಿಲ್ಲ ಅಂದ. ನಾನ ಹಾಕಿದೆ. ಹಾಕಿ ಕೀಲಿಕೈ ಎಲಿ ಅಡಿಕಿ ಸಂಚ್ಯಾಗ ಇಟ್ಕೊಂಡೆ." ಅವಳು ಸ್ವಲ್ಪ ನಿಂತಳು. ಈಗ ನಿಂತದ್ದು ಯಂತ್ರದಿಂದಲ್ಲ. "ಘಾಟ ಬಂದಾಗ ಸಂಚ್ಯಾಗ ಕೈ ಹಾಕಿದ್ರಿ. ಎಲಿ ಸಿಕ್ತು. ಅಡಿಕಿ ಸಿಕ್ತು. ಕೀಲಿ ಸಿಗಲಿಲ್ಲ."

ತೊಟ್ಟು ಮುರಿಯುವ ಬೆರಳುಗಳು ಒಂದೊಂದಾಗಿ ನಿಂತವು.

"ಮೇಸ್ತ್ರಿ ಹೇಳಿದ್ದಕ್ಕೆ ಸಾಕ್ಷಿ ಯಾರಾದರೂ ಇದ್ದಾರಾ?" ಎಂದ ವಕೀಲ. ಮೇಸ್ತ್ರಿ ಸತ್ತಿದ್ದ. "ಅಂದರೆ ಮಾಲೀಕರಾಗಲಿ, ಆಡಳಿತದವರಾಗಲಿ ಕೀಲಿ ಹಾಕಿಲ್ಲ. ಕೂಲಿಯವರಲ್ಲೇ ಒಬ್ಬರು ಹಾಕಿದ್ದು. ಅಷ್ಟೇ ನಮಗೆ ಬೇಕಾಗಿದ್ದು, ಸ್ವಾಮಿ."

ಆರು ವರ್ಷದ ಕೇಸು ಆ ಮಾತಿಗೆ ಮುಗಿಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ, ಅದನ್ನು ತಟ್ಟಿದ ಕೈಯೂ ತಮ್ಮದೇ. ಹೊರಗಿನ ಕಟ್ಟೆಯ ಮೇಲೆ ನೀಲವ್ವ ಒಬ್ಬಳೇ ಕುಳಿತಳು. ಬಹಳ ಹೊತ್ತು ಯಾರೂ ಹತ್ತಿರ ಹೋಗಲಿಲ್ಲ. ಕಡೆಗೆ ಹಸೀನಾಬಿ ಹೋಗಿ ಎದುರಿಗೆ ನಿಂತಳು. "ನಡಿ ನೀಲಕ್ಕ, ಬಸ್ಸಿಗೆ ಹೊತ್ತಾತು," ಎಂದಳು.

ಮರುದಿನ ಬೆಳಿಗ್ಗೆ ನೀಲವ್ವ ಸೊಸೆಯ ಮುಂದೆ ಬಂದು ಕುಳಿತಳು. ನಿದ್ದೆಯಿಲ್ಲದ ಕಣ್ಣು.

"ಖೋಲಿ ಸಣ್ಣದ ಮಾಡು ನಂದು. ಮೊದಲಿನಂಗ ಎಂಟ ಅಂಕಣ ಮಾಡು. ಮಿಕ್ಕಿದ್ದ ಫಕ್ಕೀರವ್ವಗ ಕೊಡು, ಆಕಿ ನುಂಗಲಿ. ನನಗ ಅಷ್ಟ ನೆನಪು ಬ್ಯಾಡ."

"ಅತ್ತಿ, ಹಂಗ ಆರಿಸಿ ತಗಿಯಾಕ ಬರೂದಿಲ್ರಿ," ಎಂದಳು ವಿದ್ಯಾಶ್ರೀ. "ಜಾಗ ಕಡಿಮಿ ಆದ್ರ ಯಂತ್ರ ಭಾಳ ದಿನಾ ಮುಟ್ಟಲಾರದ್ದನ್ನ ಮೊದಲ ಹೊರಗ ಹಾಕತೈತಿ. ನೀವು ನಿನ್ನೆಯಿಂದ ಕೀಲಿ ಒಂದ ಮುಟ್ಟಾಕ ಹತ್ತೀರಿ. ಎಲ್ಲಾ ಹೋದ ಮ್ಯಾಲೆ ಕಡೀಕ ಹೋಗೂದು ಅದು."

ನೀಲವ್ವ ತಿಳಿದುಕೊಂಡಳೋ ಇಲ್ಲವೋ, ಹೆಬ್ಬೆಟ್ಟು ಮುಂದೆ ಚಾಚಿದಳು. ರೋಗಿಯೇ ಕೇಳಿದರೆ ಮಾಡಲೇಬೇಕೆಂಬುದು ಆಸ್ಪತ್ರೆಯ ನಿಯಮ. ನಾಳೆ ಮಾಡೋಣ, ನಾಡಿದ್ದು ಮಾಡೋಣ ಎಂದು ವಿದ್ಯಾಶ್ರೀ ಮೂರು ದಿನ ತಳ್ಳಿದಳು. ಆ ಮೂರು ದಿನ ಗುಡ್ಡಪ್ಪ ಕೆಲಸಕ್ಕೆ ಹೋಗದೆ ಅವ್ವನ ಎದುರು ಕುಳಿತು ಹಳೆಯದನ್ನೆಲ್ಲ ಕೆದಕಿದ. ಅಪ್ಪನ ಮಾತು ತೆಗೆದ, ತೊಟ್ಟಿಲಿನ ಮಾತು ತೆಗೆದ. ನೀಲವ್ವ ಎರಡು ಮಾತು ಹೇಳುತ್ತಿದ್ದಳು, ಮೂರನೆಯದಕ್ಕೆ ಕೀಲಿಗೆ ಬರುತ್ತಿದ್ದಳು.

"ಅದೊಂದು ಹೋದ್ರ ಸಾಕಿತ್ತು," ಎಂದ ಗುಡ್ಡಪ್ಪ ಅಡುಗೆಮನೆಗೆ ಬಂದು. "ನನ್ನ ಹೆಸರ ಹೋದ್ರೂ ನಡೀತಿತ್ತು."

ನಾಲ್ಕನೆಯ ದಿನ ಫಕ್ಕೀರವ್ವನಿಗೆ ಅನ್ನ ಗಂಟಲಿಗೆ ಸಿಕ್ಕಿಕೊಂಡು ಮುಖ ನೀಲಿಗಟ್ಟಿತು. ಹೇಗೋ ಉಳಿದಳು. ಡಾಕ್ಟರ್ ಇನಾಮದಾರ್ ವಿದ್ಯಾಶ್ರೀಯನ್ನು ಕರೆದು ನೀಲವ್ವನ ಹೆಬ್ಬೆಟ್ಟಿನ ಕಾಗದವನ್ನು ಮುಂದಿಟ್ಟರು. ಬಯ್ಯಲಿಲ್ಲ. ಬೇರೆ ಜಾಗ ಇದ್ದರೆ ಹೇಳು ಎಂದರು. ಅವಳು ಪರದೆಯನ್ನು ಮೇಲಿಂದ ಕೆಳಗೆ ಎರಡು ಸಲ ನೋಡಿದಳು. ಇನ್ನೂರು ಅಂಕಣ ಇನ್ನೂರೇ ಆಗಿತ್ತು. ಹದಿನಾರನ್ನು ಅಳಿಸಿ ಎಂಟು ಬರೆದಳು. ಏನೇನು ಹೋಯಿತೆಂದು ಯಂತ್ರ ತೋರಿಸುವುದಿಲ್ಲ. ಕೆಲಸ ಮುಗಿಯಿತು ಎಂದಷ್ಟೇ ತೋರಿಸಿತು.

ಮಗನ ಗುರುತು ಉಳಿದಿತ್ತು, ಮೂರು ದಿನ ಎದುರಿಗೆ ಕುಳಿತಿದ್ದನಲ್ಲ. ಗಂಡ ಹೋಗಿದ್ದ, ಸೀರೆ ಹೋಗಿತ್ತು, ತೊಟ್ಟಿಲು ಹೋಗಿತ್ತು. ಮೇಸ್ತ್ರಿ ಚನ್ನಬಸುವೂ ಹೋಗಿದ್ದ. ಅವನ ಮಾತನ್ನು ನೀಲವ್ವ ಸಭೆಯಲ್ಲಿ ಒಮ್ಮೆ ಹೇಳಿ ಬಿಟ್ಟಿದ್ದಳು, ಮತ್ತೆ ಮುಟ್ಟಿರಲಿಲ್ಲ.

"ನಾ ಯಾಕ ಕೀಲಿ ಹಾಕಿದ್ನವಾ?" ಎಂದು ಕೇಳಿದಳು. "ಅಷ್ಟ ಮಂದಿ ಒಳಗಿದ್ರಲ್ಲ."

"ಮೇಸ್ತ್ರಿ ಹಾಕು ಅಂದಿದ್ದ್ರೀ ಅತ್ತಿ. ಊಟದ ತನಕ ಅಷ್ಟ ಅಂದಿದ್ದ."

"ಹೌದಾ?" ನೀಲವ್ವನ ಮುಖ ಹಗುರಾಯಿತು. ಆದರೆ ಆ ಉತ್ತರವನ್ನು ಇಟ್ಟುಕೊಳ್ಳಲು ಎಂಟು ಅಂಕಣದಲ್ಲಿ ಜಾಗವಿರಲಿಲ್ಲ. ಸೊಸೆ ರೊಟ್ಟಿ ಮಗುಚಿ ಹಾಕುವಷ್ಟರಲ್ಲಿ ಮತ್ತೆ ಕೇಳಿದಳು. ದಿನಕ್ಕೆ ಇಪ್ಪತ್ತು ಸಲ, ಮೂವತ್ತು ಸಲ. ವಿದ್ಯಾಶ್ರೀ ಹೇಳಿದಳು, ಗುಡ್ಡಪ್ಪ ಹೇಳಿದ, ಮಾತಾಡಿಸಲು ಬಂದ ಹಸೀನಾಬಿಯೂ ಹೇಳಿದಳು.

ಹೀಗೆ ಎರಡು ತಿಂಗಳು ನಡೆದ ಮೇಲೆ ಒಂದು ಮುಂಜಾನೆ ವಿದ್ಯಾಶ್ರೀಗೆ ಸಾಕಾಗಿ ಹೋಯಿತು. ಅತ್ತೆಯ ಕೈ ಹಿಡಿದುಕೊಂಡು, "ಅತ್ತಿ, ನೀವು ಕೀಲಿ ಹಾಕೇ ಇಲ್ರಿ. ಬಾಗಲಾ ತಾನ ಸಿಕ್ಕೊಂಡಿತ್ತು," ಎಂದಳು.

ನೀಲವ್ವ ಸೊಸೆಯ ಮುಖವನ್ನು ದಿಟ್ಟಿಸಿ ನೋಡಿದಳು.

"ಸುಳ್ಳ ಹೇಳಬ್ಯಾಡವಾ. ಹಾಕಿದಾಕಿ ನಾನ. ಯಾಕ ಅನ್ನೂದ ಅಷ್ಟ ಹೇಳು."